ಹಾಯಿದೋಣಿಯ ಮಾತು: ಹೊಸಬರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಾಯಿದೋಣಿ ನಡೆಸುವುದನ್ನು ಈಗಷ್ಟೇ ಕಲಿಯತೊಡಗಿದವರವು. ದೋಣಿಗಿಂತ ದೋಣಿಯ ಮಾತೇ ಕಷ್ಟ ಎಂಬುದು ಬಹುತೇಕ ಎಲ್ಲರ ದೂರು.

ಪ್ರಶ್ನೆ: ಬೆಂಗಳೂರಿನ ಕೆರೆಯೊಂದರಲ್ಲಿ ಹಾಯಿದೋಣಿಯ ತರಬೇತಿಗೆ ಸೇರಿ ಎರಡು ವಾರವಾಯಿತು. ಎಡ, ಬಲ ಎಂದರೆ ನಮ್ಮ ತರಬೇತುದಾರರು ಒಪ್ಪುವುದಿಲ್ಲ. ಪೋರ್ಟ್, ಸ್ಟಾರ್‌ಬೋರ್ಡ್ ಎಂದೇ ಹೇಳಬೇಕಂತೆ. ಇದು ಬ್ರಿಟಿಷರು ಬಿಟ್ಟುಹೋದ ಗತ್ತಲ್ಲದೆ ಇನ್ನೇನು?

ಉತ್ತರ: ಗತ್ತಿನ ಅಂಶ ಸ್ವಲ್ಪ ಇದ್ದೀತು, ಇಲ್ಲವೆನ್ನಲಾರೆ. ಆದರೆ ಈ ಪದಗಳ ಅಗತ್ಯ ನಿಜವಾದದ್ದು. ಜೋಡೆತ್ತು ಕಟ್ಟಿ ಉಳುವವರನ್ನು ಕೇಳಿ ನೋಡಿ: ನೊಗದ ಎಡಕ್ಕೆ ಹೂಡಿದ್ದು ಎಡಗೋಲಿನ ಎತ್ತು, ಬಲಕ್ಕೆ ಹೂಡಿದ್ದು ಬಲಗೋಲಿನ ಎತ್ತು. ನೀವು ಎತ್ತುಗಳ ಎದುರಿಗೆ ಬಂದು ನಿಂತಾಗ ಎಡಗೋಲಿನ ಎತ್ತು ನಿಮ್ಮ ಬಲಗೈ ಕಡೆಗೆ ಕಂಡರೂ ಅದರ ಹೆಸರೇನೂ ಬದಲಾಗುವುದಿಲ್ಲ, ಏಕೆಂದರೆ ಆ ಹೆಸರು ಬಂದದ್ದು ನೊಗದಿಂದ, ನೋಡುವವನಿಂದಲ್ಲ. ದೋಣಿಯಲ್ಲಿಯೂ ಹಾಗೆಯೇ. ದೋಣಿಯ ಮೂತಿಯ ಕಡೆಗೆ ಮುಖ ಮಾಡಿ ನಿಂತಾಗ ಎಡಗೈಗೆ ಬರುವ ಮಗ್ಗುಲು ಪೋರ್ಟ್, ಬಲಗೈಗೆ ಬರುವುದು ಸ್ಟಾರ್‌ಬೋರ್ಡ್. ಆಮೇಲೆ ನೀವು ಯಾವ ದಿಕ್ಕಿಗೆ ತಿರುಗಿ ಕುಳಿತರೂ ಅವು ಅಲ್ಲಿಯೇ ಇರುತ್ತವೆ. ನಾಲ್ಕು ಜನ ನಾಲ್ಕು ಕಡೆಗೆ ಮುಖ ಮಾಡಿರುವ ದೋಣಿಯಲ್ಲಿ ಒಬ್ಬ ‘ಎಡಕ್ಕೆ ಬಂಡೆ’ ಎಂದು ಕೂಗಿದರೆ, ಯಾರ ಎಡ ಎಂದು ಕೇಳಿ ತಿಳಿಯುವಷ್ಟರಲ್ಲಿ ಬಂಡೆ ತಾಗಿರುತ್ತದೆ.

ಸ್ಟಾರ್‌ಬೋರ್ಡ್ ಎಂಬುದಕ್ಕೂ ನಕ್ಷತ್ರಕ್ಕೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಚುಕ್ಕಾಣಿಯ ಮಗ್ಗುಲು’ ಎಂಬ ಅರ್ಥ. ದೋಣಿಯ ಹಿಂಬದಿಯ ನಡುವೆ ಚುಕ್ಕಾಣಿಯನ್ನು ಕೂರಿಸುವ ಪದ್ಧತಿ ಬರುವ ಮೊದಲು ಉತ್ತರ ಯುರೋಪಿನ ದೋಣಿಗಳಲ್ಲಿ ದೊಡ್ಡದೊಂದು ಹುಟ್ಟನ್ನು ಬಲಮಗ್ಗುಲಿಗೆ ಇಳಿಬಿಟ್ಟು ದಿಕ್ಕು ತಿರುಗಿಸುತ್ತಿದ್ದರು. ಅಂಥ ಹುಟ್ಟು ಹೇಗಿರುತ್ತಿತ್ತೆಂದು ಊಹಿಸಲು ನಮಗೆ ದೂರ ಹೋಗಬೇಕಾಗಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಐಎನ್‌ಎಸ್‌ವಿ ಕೌಂಡಿನ್ಯ’ವು ಅಜಂತಾದ ಗೋಡೆಚಿತ್ರವೊಂದರಲ್ಲಿ ಕಾಣುವ ಹಡಗಿನ ಮಾದರಿಯಲ್ಲಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು, ಅದನ್ನು ತಿರುಗಿಸುವುದೂ ಇಂಥ ಚುಕ್ಕಾಣಿ ಹುಟ್ಟುಗಳೇ. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ ಎಂಬುದು ವಿಷಯಕ್ಕೆ ಹೊರತಾದರೂ ಹೇಳದಿರಲು ಮನಸ್ಸಾಗಲಿಲ್ಲ.

ಬಲಮಗ್ಗುಲಲ್ಲಿ ಹುಟ್ಟು ಇರುವ ದೋಣಿಯನ್ನು ಆ ಕಡೆಯಿಂದ ದಕ್ಕೆಗೆ ತಾಗಿಸಿದರೆ ಹುಟ್ಟು ಮುರಿಯುತ್ತದೆ. ಆದುದರಿಂದ ಬಂದರಿನಲ್ಲಿ ಎಡಮಗ್ಗುಲನ್ನೇ ದಕ್ಕೆಗೆ ಕೊಡುವ ರೂಢಿ ಬಂತು, ಆ ಮಗ್ಗುಲು ಪೋರ್ಟ್ ಎನಿಸಿಕೊಂಡಿತು. ಅದಕ್ಕೆ ಮೊದಲಿದ್ದ ‘ಲಾರ್‌ಬೋರ್ಡ್’ ಎಂಬ ಹೆಸರು ಗಾಳಿಯ ಸದ್ದಿನಲ್ಲಿ ಸ್ಟಾರ್‌ಬೋರ್ಡ್ ಎಂದೇ ಕೇಳಿಸುತ್ತಿದ್ದುದರಿಂದ ಬ್ರಿಟಿಷ್ ನೌಕಾಪಡೆ 1844ರಲ್ಲಿ ಅದನ್ನು ಅಧಿಕೃತವಾಗಿ ಕೈಬಿಟ್ಟಿತು. ರಾತ್ರಿ ಪೋರ್ಟ್ ಮಗ್ಗುಲಲ್ಲಿ ಕೆಂಪು ದೀಪ, ಸ್ಟಾರ್‌ಬೋರ್ಡ್ ಮಗ್ಗುಲಲ್ಲಿ ಹಸಿರು ದೀಪ ಉರಿಯುತ್ತವೆ. ಎರಡೂ ಒಟ್ಟಿಗೆ ಕಂಡರೆ ಎದುರಿನ ದೋಣಿ ನೇರ ನಿಮ್ಮತ್ತಲೇ ಬರುತ್ತಿದೆ ಎಂದು ತಿಳಿಯಿರಿ.

ಪ್ರಶ್ನೆ: ‘ಶೀಟ್ ಬಿಡು’ ಎಂದು ಕೂಗಿದಾಗ ನಾನು ಹಾಯಿಯನ್ನೇ ಇಳಿಸಲು ಹೋಗಿ ಬೈಸಿಕೊಂಡೆ. ಶೀಟ್ ಎಂದರೆ ಬಟ್ಟೆಯಲ್ಲವೆ? ಇನ್ನೊಂದು ಸಂಶಯ: ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುವುದೇಕೆ?

ಉತ್ತರ: ನಿಮ್ಮ ಹಾಗೆ ಬೈಸಿಕೊಳ್ಳದ ಹೊಸಬರನ್ನು ನಾನು ಕಂಡಿಲ್ಲ. ಶೀಟ್ ಎಂದರೆ ಹಾಯಿಯನ್ನು ಒಳಕ್ಕೆ ಎಳೆಯುವ ಇಲ್ಲವೆ ಹೊರಕ್ಕೆ ಸಡಿಲಿಸುವ ಹಗ್ಗ. ಹಾಯಿಯ ಕೆಳಮೂಲೆಗೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಹೆಸರು ಆ ಮೂಲೆಗೆ ಕಟ್ಟಿದ ಹಗ್ಗಕ್ಕೆ ಅಂಟಿಕೊಂಡಿತು. ಹಾಯಿಯನ್ನು ಕೂವೆಮರದ, ಅಂದರೆ ಹಾಯಿ ಕಟ್ಟುವ ಕಂಬದ, ಮೇಲಕ್ಕೆ ಏರಿಸುವ ಹಗ್ಗ ಹ್ಯಾಲ್ಯಾರ್ಡ್. ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಬಾವುಟ ಏರಿಸಲು ಎಳೆಯುವ ಹಗ್ಗಕ್ಕೂ ಇದೇ ಹೆಸರು. ಸಣ್ಣ ದೋಣಿಯ ಮೂತಿಗೆ ಕಟ್ಟಿ ದಡಕ್ಕೆ ಬಿಗಿಯುವ ಹಗ್ಗ ಪೇಂಟರ್. ಒಂದೇ ಹಗ್ಗಕ್ಕೆ ಇಷ್ಟು ಹೆಸರೇ ಎನ್ನಬೇಡಿ. ದನ ಕಟ್ಟುವುದು ಕಣ್ಣಿ, ಎತ್ತಿನ ಮೂಗಿಗೆ ಪೋಣಿಸಿದ್ದು ಮೂಗುದಾರ, ಕಪಿಲೆಗೆ ಹಾಕುತ್ತಿದ್ದುದು ಮಿಣಿ ಎಂದು ಕೆಲಸಕ್ಕೊಂದು ಹೆಸರಿಟ್ಟ ನಮಗೆ ಇದು ಅಪರಿಚಿತ ಪದ್ಧತಿಯೇನಲ್ಲ. (ಎತ್ತು, ಕಣ್ಣಿಗಳ ಉದಾಹರಣೆಯೇ ಬರುತ್ತಿದೆ ಎಂದರೆ, ನಾನು ನೀರಿಗಿಳಿದದ್ದು ಹೊಲ ಬಿಟ್ಟು ಬಂದ ಮೇಲೆ.)

ಚುಕ್ಕಾಣಿಯ ಹಿಡಿಗೆ ಟಿಲ್ಲರ್ ಎನ್ನುತ್ತಾರೆ. ಟಿಲ್ಲರ್ ಮತ್ತು ನೀರಿನೊಳಗಿನ ಚುಕ್ಕಾಣಿಯ ಹಲಗೆ ಒಂದೇ ಕೀಲಿನ ಎರಡು ಬದಿಗಿರುವುದರಿಂದ ಹಿಡಿ ಎಡಕ್ಕೆ ಹೋದಾಗ ಹಲಗೆ ಬಲಕ್ಕೆ ಹೊರಳುತ್ತದೆ, ದೋಣಿಯ ಮೂತಿಯೂ ಬಲಕ್ಕೆ ತಿರುಗುತ್ತದೆ. ಈ ತಿರುಗುಮುರುಗು ಬಹಳ ಕಾಲ ಹಡಗಿನ ಆಜ್ಞೆಗಳಲ್ಲೂ ಉಳಿದಿತ್ತು. ಚಕ್ರ ತಿರುಗಿಸುವ ದೊಡ್ಡ ಹಡಗುಗಳು ಬಂದ ಮೇಲೂ ಬ್ರಿಟಿಷ್ ನಾವಿಕರು ಆಜ್ಞೆ ಕೊಡುತ್ತಿದ್ದುದು ಟಿಲ್ಲರ್ ಹೋಗಬೇಕಾದ ದಿಕ್ಕಿಗೆ. 1912ರಲ್ಲಿ ಟೈಟಾನಿಕ್ ಹಡಗಿನ ಮುಂದೆ ಹಿಮಬಂಡೆ ಕಂಡಾಗ ಕೊಟ್ಟ ಆಜ್ಞೆ ‘ಸ್ಟಾರ್‌ಬೋರ್ಡ್’ ಎಂದಿದ್ದು, ಹಡಗು ತಿರುಗಿದ್ದು ಎಡಕ್ಕೆ. ಆ ಕಾಲದ ರೂಢಿಯಂತೆ ಅದು ಸರಿಯೇ. 1930ರ ದಶಕದಲ್ಲಿ ಈ ರೂಢಿಯನ್ನು ಬಿಟ್ಟು, ಹಡಗು ಯಾವ ಕಡೆಗೆ ತಿರುಗಬೇಕೋ ಆ ಕಡೆಯ ಹೆಸರನ್ನೇ ಹೇಳುವ ಪದ್ಧತಿಯನ್ನು ತಂದರು.

ಪ್ರಶ್ನೆ: ಗಾಳಿಗೆ ಎದುರಾಗಿ ಹಾಯಿದೋಣಿ ಹೋಗುವುದು ಹೇಗೆ ಸಾಧ್ಯ? ಟ್ಯಾಕ್, ಜೈಬ್, ವಿಂಡ್‌ವರ್ಡ್, ಲೀವರ್ಡ್ ಈ ಪದಗಳು ನನಗೆ ಇನ್ನೂ ಕಲಸುಮೇಲೋಗರವೇ.

ಉತ್ತರ: ಮೊದಲು ಕಣಕ್ಕೆ ಹೋಗೋಣ. ರಾಶಿ ತೂರುವಾಗ ಗಾಳಿ ಬರುವ ಕಡೆ ಒಂದು, ಹೊಟ್ಟು ಹಾರಿ ಬೀಳುವ ಕಡೆ ಒಂದು. ಮೊದಲನೆಯದು ವಿಂಡ್‌ವರ್ಡ್, ಎರಡನೆಯದು ಲೀವರ್ಡ್. ‘ಲೀ’ ಎಂಬುದರ ಮೂಲ ಅರ್ಥ ಮರೆ, ಆಸರೆ. ಗೋಡೆಯ ಈಚೆ ಗಾಳಿಮರೆಯಲ್ಲಿ ನಿಲ್ಲುತ್ತೇವಲ್ಲ, ಅದೇ. ಹಾಗೆಂದು ‘ಲೀ ಶೋರ್’ ಎಂದರೆ ಗಾಳಿಯಿಂದ ರಕ್ಷಣೆ ಕೊಡುವ ದಡ ಎಂದು ತಿಳಿದೀರಿ, ಜೋಕೆ. ಅದು ದೋಣಿಯಿಂದ ನೋಡಿದಾಗ ಲೀವರ್ಡ್ ಕಡೆಗಿರುವ ದಡ, ಅಂದರೆ ಗಾಳಿ ದೋಣಿಯನ್ನು ನೂಕಿ ಬಡಿಯುವ ದಡ. ಜೂನ್, ಜುಲೈ ತಿಂಗಳುಗಳಲ್ಲಿ ನೈರುತ್ಯದ ಗಾಳಿ ಬೀಸುವಾಗ ಅರಬ್ಬಿ ಸಮುದ್ರದಲ್ಲಿರುವ ಹಾಯಿದೋಣಿಗೆ ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯೆಲ್ಲ ಲೀ ಶೋರ್, ಅಪಾಯದ ದಡ. ಗಾಳಿಗೆ ಅದು ಬರುವ ದಿಕ್ಕಿನ ಹೆಸರು ಎಂಬುದು ಪಡುವಣ ಗಾಳಿ, ತೆಂಕಣ ಗಾಳಿ ಎನ್ನುವ ನಮಗೆ ಗೊತ್ತೇ ಇದೆ; ಆದರೆ ಸಮುದ್ರದ ಪ್ರವಾಹಕ್ಕೆ ಅದು ಹೋಗುವ ದಿಕ್ಕಿನ ಹೆಸರು ಎಂಬುದನ್ನು ಇದರ ಜೊತೆಗೆ ನೆನಪಿಡಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸಾಮಾನ್ಯ ದೋಣಿಗಳಿಗೆ ಆ ದಿಕ್ಕಿನ ಎರಡೂ ಕಡೆ ಸುಮಾರು 45 ಡಿಗ್ರಿಯಷ್ಟು ನಿಷಿದ್ಧ. ಅದರ ಅಂಚಿನಲ್ಲಿ ಸಾಗುವಾಗ ಹಾಯಿಯು ನೂಕಿಸಿಕೊಳ್ಳುವ ಬಟ್ಟೆಯಾಗಿರದೆ ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತದೆ: ಉಬ್ಬಿದ ಹಾಯಿಯ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆಯಾಗಿ ದೋಣಿಯನ್ನು ಓರೆಯಾಗಿ ಸೆಳೆಯುತ್ತದೆ. ಆ ಸೆಳೆತದ ಬಹುಪಾಲು ಪಕ್ಕಕ್ಕೆ, ಸ್ವಲ್ಪ ಭಾಗ ಮುಂದಕ್ಕೆ. ಪಕ್ಕಕ್ಕೆ ಜಾರದಂತೆ ದೋಣಿಯ ತಳದಿಂದ ನೀರಿಗೆ ಇಳಿದ ಹಲಗೆ ತಡೆಯುವುದರಿಂದ, ಉಳಿದ ದಾರಿ ಮುಂದಕ್ಕೆ ಒಂದೇ. ಹೀಗೆ ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ, ಆಗುಂಬೆ ಘಾಟಿಯ ತಿರುವುಗಳನ್ನು ಬಸ್ಸು ಏರುವಂತೆ ದೋಣಿ ಗಾಳಿಯನ್ನು ಏರುತ್ತದೆ. ಗಾಳಿಗೆ ನೇರ 10 ಮೈಲಿ ಮೇಲಿರುವ ಜಾಗ ತಲುಪಲು ಸುಮಾರು 14 ಮೈಲಿ ಸುತ್ತಬೇಕು.

ಘಾಟಿಯ ಒಂದೊಂದು ತಿರುವೂ ಟ್ಯಾಕ್: ದೋಣಿಯ ಮೂತಿ ಗಾಳಿಯನ್ನು ಹಾದು ಆಚೆಗೆ ಹೊರಳುವುದು. ಅದರ ಬದಲು ದೋಣಿಯ ಹಿಂಬದಿ ಗಾಳಿಯನ್ನು ಹಾದರೆ ಅದು ಜೈಬ್. ಟ್ಯಾಕ್ ಮಾಡುವಾಗ ಹಾಯಿ ಪಟಪಟಿಸಿ ನಿಧಾನವಾಗಿ ಬದಿ ಬದಲಿಸುತ್ತದೆ. ಜೈಬ್ ಮಾಡುವಾಗ ಹಾಯಿಯ ಬುಡದ ಅಡ್ಡಗೋಲು, ಅಂದರೆ ಬೂಮ್, ಒಂದು ಬದಿಯಿಂದ ಇನ್ನೊಂದಕ್ಕೆ ರಪ್ಪನೆ ಬೀಸಿ ಬರುತ್ತದೆ. ಆ ಗೋಲಿನ ಹೊಡೆತವನ್ನು ನನ್ನ ತಲೆ ಒಮ್ಮೆ ಕಂಡಿದೆ. ‘ಜೈಬ್’ ಎಂದು ಕೇಳಿದ ಕೂಡಲೇ ತಲೆ ತಗ್ಗಿಸಿ, ಅರ್ಥವನ್ನು ಆಮೇಲೆ ಯೋಚಿಸಿ.

ಟ್ಯಾಕ್‌ಗೆ ಇನ್ನೊಂದು ಅರ್ಥವೂ ಇದೆ. ಗಾಳಿ ಸ್ಟಾರ್‌ಬೋರ್ಡ್ ಮಗ್ಗುಲಿನಿಂದ ಬರುತ್ತಿದ್ದರೆ ದೋಣಿ ‘ಸ್ಟಾರ್‌ಬೋರ್ಡ್ ಟ್ಯಾಕ್’ನಲ್ಲಿದೆ ಎನ್ನುತ್ತಾರೆ, ಪೋರ್ಟ್ ಕಡೆಯಿಂದ ಬಂದರೆ ‘ಪೋರ್ಟ್ ಟ್ಯಾಕ್’. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 12ನೆಯ ನಿಯಮ ನಿಂತಿರುವುದು ಇದರ ಮೇಲೆಯೇ: ಎರಡು ಹಾಯಿದೋಣಿಗಳು ಎದುರಾದರೆ ಪೋರ್ಟ್ ಟ್ಯಾಕ್‌ನಲ್ಲಿರುವುದು ದಾರಿ ಬಿಡಬೇಕು, ಇಬ್ಬರದೂ ಒಂದೇ ಟ್ಯಾಕ್ ಆಗಿದ್ದರೆ ವಿಂಡ್‌ವರ್ಡ್ ಕಡೆಗಿರುವ ದೋಣಿ ದಾರಿ ಬಿಡಬೇಕು. ಕೆರೆಯಲ್ಲಿ ‘ಸ್ಟಾರ್‌ಬೋರ್ಡ್!’ ಎಂದು ಯಾರಾದರೂ ನಿಮ್ಮತ್ತ ಕೂಗಿದರೆ ಅವರು ಬಲಗಡೆಯಲ್ಲಿ ಏನನ್ನೋ ತೋರಿಸುತ್ತಿಲ್ಲ. ದಾರಿ ತಮ್ಮದು, ನೀವು ಸರಿಯಿರಿ ಎನ್ನುತ್ತಿದ್ದಾರೆ.

ಪ್ರಶ್ನೆ: ಚಂಡಮಾರುತದ ಸುದ್ದಿಯಲ್ಲಿ ‘ಗಂಟೆಗೆ 50 ನಾಟ್ ವೇಗ’ ಎಂದು ಓದಿದೆ. ಕಿಲೋಮೀಟರಿನಲ್ಲಿ ಅದು ಎಷ್ಟು?

ಉತ್ತರ: ಸುಮಾರು 93 ಕಿ.ಮೀ. ಆದರೆ ‘ಗಂಟೆಗೆ’ ಎಂಬ ಮಾತು ಅಲ್ಲಿ ಬೇಡವಾಗಿತ್ತು. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಇಂಗ್ಲಿಷಿನ ನಾಟ್ ಎಂದರೆ ಗಂಟು, ಆ ಗಂಟಿನ ಒಳಗೇ ಗಂಟೆ ಸೇರಿದೆ. ಈ ಗಂಟು ನಿಜವಾದ ಗಂಟೇ. ಹಡಗಿನ ಹಿಂಬದಿಯಿಂದ ಹಗ್ಗ ಕಟ್ಟಿದ ಹಲಗೆಯ ತುಂಡೊಂದನ್ನು ನೀರಿಗೆ ಎಸೆಯುತ್ತಿದ್ದರು. ಹಲಗೆ ನೀರಿನಲ್ಲಿ ಹೆಚ್ಚುಕಡಿಮೆ ನಿಂತಲ್ಲಿಯೇ ನಿಲ್ಲುತ್ತಿತ್ತು, ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗಕ್ಕೆ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು. ಕಾಲ ಅಳೆಯಲು 28 ಸೆಕೆಂಡಿನ ಮರಳುಗಡಿಯಾರ. ಅಷ್ಟರೊಳಗೆ ಕೈಯಲ್ಲಿ ಹಾದ ಗಂಟುಗಳನ್ನು ಎಣಿಸಿದರೆ ವೇಗ ಸಿಕ್ಕಿತು. 28 ಸೆಕೆಂಡಿಗೆ 14.4 ಮೀಟರ್ ಎಂದು ಲೆಕ್ಕ ಹಾಕಿ ನೋಡಿ, ಗಂಟೆಗೆ 1.85 ಕಿ.ಮೀ. ಬರುತ್ತದೆ.

ನಾಟಿಕಲ್ ಮೈಲಿ 1852 ಮೀಟರ್. ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ನಿಮಿಷಗಳು, ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. ಮಂಗಳೂರು ಸುಮಾರು 12.9 ಡಿಗ್ರಿಯಲ್ಲಿದೆ, ಕಾರವಾರ ಸುಮಾರು 14.8ರಲ್ಲಿ. ವ್ಯತ್ಯಾಸವನ್ನು 60ರಿಂದ ಗುಣಿಸಿದರೆ ಅವುಗಳ ತೆಂಕಣ-ಬಡಗಣ ಅಂತರ ಸುಮಾರು 114 ನಾಟಿಕಲ್ ಮೈಲಿ, ಅಂದರೆ 5 ನಾಟ್ ವೇಗದ ಹಾಯಿದೋಣಿಗೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ನಕ್ಷೆಯ ಅಂಚೇ ಅಳತೆಪಟ್ಟಿಯಾಗುವ ಇಂಥ ಸೌಕರ್ಯವನ್ನು ಕಿಲೋಮೀಟರಿಗಾಗಿ ನಾವಿಕರು ಏಕೆ ಬಿಟ್ಟುಕೊಡಲಿಲ್ಲ ಎಂಬುದು ಈಗ ನಿಮಗೂ ಹೊಳೆದೀತು.

ಪ್ರಶ್ನೆ: ನಾನು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ ಬಂದರಿಗೆ ಮರಳುವಾಗ ಕೆಂಪು ತೇಲುಗುರುತು ಬಲಕ್ಕಿರಬೇಕೆಂದು ಕಲಿತೆ. ಊರಿಗೆ ಬಂದಾಗಲೂ ಇದೇ ನಿಯಮವೆ?

ಉತ್ತರ: ಅಲ್ಲ, ತಿರುವುಮುರುವು. ತೇಲುಗುರುತುಗಳಿಗೆ ಜಗತ್ತಿನಲ್ಲಿ ಎರಡು ವಲಯಗಳಿವೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ‘ಬಿ’ ವಲಯ. ಭಾರತ ‘ಎ’ ವಲಯ. ಸಮುದ್ರದಿಂದ ಮಂಗಳೂರಿನ ಬಂದರಿಗೆ ಒಳಬರುವಾಗ ಕೆಂಪು ಗುರುತನ್ನು ಎಡಕ್ಕೆ ಬಿಡಬೇಕು. ದೋಣಿಯ ಮಗ್ಗುಲ ದೀಪಗಳ ನಿಯಮ ಮಾತ್ರ ಎರಡೂ ವಲಯಗಳಲ್ಲಿ ಒಂದೇ.

ಪ್ರಶ್ನೆ: ಇವಕ್ಕೆಲ್ಲ ಕನ್ನಡದ ಪದಗಳನ್ನೇ ಬಳಸಬಾರದೇಕೆ?

ಉತ್ತರ: ಇರುವ ಕಡೆ ಧಾರಾಳವಾಗಿ ಬಳಸಿ: ಹಾಯಿ, ಹುಟ್ಟು, ಕೂವೆಮರ, ಚುಕ್ಕಾಣಿ, ಅಳಿವೆ, ಉಬ್ಬರ, ಇಳಿತ. ಲಂಗರು, ಬಂದರು ಎಂಬವು ಪಾರಸಿಯಿಂದ ಬಂದು ನಮ್ಮವೇ ಆಗಿವೆ. ಕಡಲ ಮಾತು ಎಂದೂ ಒಂದೇ ಭಾಷೆಯ ಸ್ವತ್ತಾಗಿರಲಿಲ್ಲ. ನೀವು ಕಲಿಯುತ್ತಿರುವ ಸಣ್ಣ ದೋಣಿಯ ‘ಡಿಂಗಿ’ ಎಂಬ ಹೆಸರು ಭಾರತದ ಭಾಷೆಗಳಿಂದಲೇ ಇಂಗ್ಲಿಷಿಗೆ ಹೋದದ್ದು, ಕಟಮರಾನ್ ತಮಿಳಿನ ಕಟ್ಟುಮರ, ಮಾನ್ಸೂನ್ ಅರಬ್ಬಿಯ ಮೌಸಿಮ್. ಆದರೆ ದೋಣಿ ನಡೆಯುತ್ತಿರುವಾಗ ಕೊಡುವ ಆಜ್ಞೆಗಳಲ್ಲಿ ಜೊತೆಗಾರರೆಲ್ಲರಿಗೂ ಗೊತ್ತಿರುವ ಒಂದೇ ಪದ ಇರಲಿ ಎಂಬುದು ನನ್ನ ಅಭಿಪ್ರಾಯ. ಜೈಬ್‌ಗೆ ಸೊಗಸಾದ ಕನ್ನಡ ಪದ ಹುಡುಕುವ ಹೊತ್ತಿಗೆ ಬೂಮ್ ಬಂದಿರುತ್ತದೆ.

ಒಂದು ಪದವನ್ನು ಮಾತ್ರ ಇಂಗ್ಲಿಷಿನಿಂದ ತರಲೇಬೇಕಾಗಿಲ್ಲ. ನೀರಿನ ಆಳ ಅಳೆಯುವ ‘ಫ್ಯಾದಮ್’ ಎಂಬುದರ ಮೂಲ ಅರ್ಥ ಚಾಚಿದ ಎರಡು ತೋಳುಗಳ ಅಗಲ. ಸೀಸದ ಗುಂಡು ಕಟ್ಟಿದ ಹಗ್ಗವನ್ನು ತಳಕ್ಕೆ ಇಳಿಸಿ, ಮೇಲಕ್ಕೆ ಎಳೆಯುವಾಗ ಎರಡು ಕೈ ಚಾಚಿ ಚಾಚಿ ಎಣಿಸುತ್ತಿದ್ದರು. ಈಗ ಅದು ಆರು ಅಡಿ ಎಂದು ನಿಗದಿಯಾಗಿದೆ. ಮಾರುಕಟ್ಟೆಯಲ್ಲಿ ಹೂವು ಕೊಳ್ಳುವಾಗ ನಾವು ಕೇಳುವ ‘ಮಾರು’ ಇದೇ.