ಅಗ್ಗವಾದ ಚಹಾ, ಖಾಲಿ ಉಳಿದ ಪುಟ

ಓದುವ ಮಕ್ಕಳಿಗೆ ಆಪ್ತಸಲಹೆ ಕೊಡುವ ನನಗೆ ಮೊದಲು ಫೋನ್ ಮಾಡಿದವರು ತಾಯಿ. ಮಗ ಟೆಕ್ಸಾಸಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಎರಡು ವಾರದಿಂದ ಸರಿಯಾಗಿ ಮಾತನಾಡುತ್ತಿಲ್ಲ, ಕೇಳಿದರೆ ಇತಿಹಾಸದ ಪ್ರಬಂಧ ಎನ್ನುತ್ತಾನೆ. "ಎಂಜಿನಿಯರಿಂಗ್ ಹುಡುಗನಿಗೆ ಇತಿಹಾಸ ಯಾಕೆ ಮೇಡಂ?" ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾವ ಪದವಿ ಓದುವವರೂ ಅಮೆರಿಕದ ಇತಿಹಾಸದಲ್ಲಿ 6 ಕ್ರೆಡಿಟ್ (ಸುಮಾರು ಎರಡು ಕೋರ್ಸಿನಷ್ಟು ಓದು) ಗಳಿಸಲೇಬೇಕೆಂಬ ಕಾನೂನಿದೆ. ಅಷ್ಟನ್ನು ಹೇಳಿ, ಮಗನೇ ನನಗೆ ಕರೆ ಮಾಡಲಿ ಎಂದೆ.

ಅವನನ್ನು ಇಲ್ಲಿ ನಿಖಿಲ ಎಂದು ಕರೆಯುತ್ತೇನೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಬೆಳಗಿನ ಏಳು ಗಂಟೆ, ಅವನಿಗೆ ಹಿಂದಿನ ದಿನದ ರಾತ್ರಿ. ಮೊದಲ ಭೇಟಿಯಲ್ಲಿ ನಿದ್ರೆ, ಊಟ ವಿಚಾರಿಸಿದೆ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದೂ ನೇರವಾಗಿಯೇ ಕೇಳಿದೆ. ಇಲ್ಲವೆಂದ. ನಿದ್ರೆ ಮಾತ್ರ ನಾಲ್ಕು ಗಂಟೆಗೆ ಇಳಿದಿತ್ತು.

ಬರೆಯಬೇಕಾದದ್ದು ಹತ್ತು ಪುಟ, ಉಳಿದದ್ದು 26 ದಿನ. ಅವನೇ ಆರಿಸಿಕೊಂಡ ವಿಷಯ 'ಅಮೆರಿಕದ ಕ್ರಾಂತಿಯ ಕಾರಣಗಳು', ಅಂದರೆ ಅಲ್ಲಿನ ವಸಾಹತುಗಳು ಬ್ರಿಟಿಷರ ಆಳ್ವಿಕೆಯನ್ನು ಯಾಕೆ ಕಿತ್ತೊಗೆದವು ಎಂಬುದು. ಟಿಪ್ಪಣಿ 140 ಪುಟ ದಾಟಿತ್ತು, ಪ್ರಬಂಧದ ಒಂದು ಸಾಲೂ ಹುಟ್ಟಿರಲಿಲ್ಲ. "ಇನ್ನೆರಡು ಪುಸ್ತಕ ಓದಿ ಶುರು ಮಾಡುತ್ತೇನೆ" ಎಂದ. ಈ ಮಾತನ್ನು ನಾನು ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿದ್ದೇನೆ. ಬರೆಯಲು ಹೆದರಿದವರಿಗೆ ಓದಿನಷ್ಟು ಒಳ್ಳೆಯ ಅಡಗುತಾಣ ಇನ್ನೊಂದಿಲ್ಲ, ಸೋಮಾರಿ ಎಂದು ಯಾರೂ ಬೈಯುವುದಿಲ್ಲ.

ಹೆದರಿಕೆಯ ಬೇರು ಎರಡನೆಯ ಭೇಟಿಯಲ್ಲಿ ಸಿಕ್ಕಿತು. ಮುನ್ನುಡಿಯೆಂದು ಮೊದಲೇ ಒಪ್ಪಿಸಿದ್ದ ಒಂದು ಪುಟವನ್ನು ಪ್ರಾಧ್ಯಾಪಕರು ವಾಪಸು ಕಳಿಸಿದ್ದರು. ಅದರ ಆರು ವಾಕ್ಯಗಳು ಒಂದು ಪುಸ್ತಕದವು, ಉದ್ಧರಣ ಚಿಹ್ನೆ ಇರಲಿಲ್ಲ. 'ಬಂದು ಕಾಣು' ಎಂದು ಬರೆದಿದ್ದರು. ಹನ್ನೊಂದು ದಿನ ಕಳೆದರೂ ಇವನು ಹೋಗಿರಲಿಲ್ಲ. "ಕಳ್ಳ ಎಂದುಕೊಂಡಿರುತ್ತಾರೆ ಮೇಡಂ."

ನಮ್ಮ ಪಿಯುಸಿಯಲ್ಲಿ ಪಠ್ಯಪುಸ್ತಕದ ವಾಕ್ಯವನ್ನು ಅಲ್ಪವಿರಾಮವೂ ತಪ್ಪದಂತೆ ಇಳಿಸಿದವನಿಗೆ ಪೂರ್ತಿ ಅಂಕ. ಇವನು ಆ ವಿದ್ಯೆಯಲ್ಲಿ ನಿಪುಣ. ಅಲ್ಲಿ ಅದೇ ವಿದ್ಯೆಯ ಹೆಸರು ಕೃತಿಚೌರ್ಯ. ನೀನು ಕಳ್ಳನಲ್ಲ, ಆದರೆ 'ನಮ್ಮೂರಲ್ಲಿ ಹೀಗೇ' ಎಂಬ ಸಬೂಬೂ ನಡೆಯುವುದಿಲ್ಲ, ಈ ವಾರವೇ ಹೋಗಿ ಆದದ್ದನ್ನು ಆದಂತೆ ಹೇಳು ಎಂದೆ. ಹೋದ. ಆ ಪುಟಕ್ಕೆ ಸೊನ್ನೆ ಬಿತ್ತು, ಪ್ರಬಂಧ ಬರೆಯಲು ಅಡ್ಡಿಯಿಲ್ಲ ಎಂದರಂತೆ. ಅಂದು ರಾತ್ರಿ ಏಳು ಗಂಟೆ ನಿದ್ರೆ ಮಾಡಿದ.

ಮುಂದಿನದು ವಿಷಯದ ಗೊಡವೆ. ನಾನು ಇತಿಹಾಸದವಳಲ್ಲ. "ಇಷ್ಟೆಲ್ಲ ಓದಿದ್ದರಲ್ಲಿ ನಿನಗೆ ವಿಚಿತ್ರ ಅನ್ನಿಸಿದ್ದು ಯಾವುದು?" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಹಾದ ಬೆಲೆ ಇಳಿದಿತ್ತು ಮೇಡಂ" ಎಂದ.

ಬಾಸ್ಟನ್ ಬಂದರಿನಲ್ಲಿ 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾವನ್ನು ಊರಿನವರು ನೀರಿಗೆ ಎಸೆದರು. ತೆರಿಗೆಯಿಂದ ಬೆಲೆ ಏರಿದ್ದಕ್ಕೆ ಜನ ಸಿಟ್ಟಾದರು ಎಂದೇ ನಾನೂ ನಂಬಿದ್ದೆ. ನಡೆದದ್ದು ಬೇರೆ. ಈಸ್ಟ್ ಇಂಡಿಯಾ ಕಂಪನಿಯ ಚಹಾ ಲಂಡನ್ನಿನ ಗೋದಾಮುಗಳಲ್ಲಿ ಕೊಳೆಯುತ್ತಿತ್ತು. ಕಂಪನಿಯನ್ನು ಉಳಿಸಲು ಬ್ರಿಟಿಷ್ ಸಂಸತ್ತು ಅದೇ ವರ್ಷ ಕಾಯಿದೆ ತಂದು, ಅಮೆರಿಕದ ವಸಾಹತುಗಳಿಗೆ ನೇರವಾಗಿ ಮಾರಲು ಬಿಟ್ಟಿತು. ಒಂದು ಪೌಂಡ್ ತೂಕಕ್ಕೆ ಮೂರು ಪೆನ್ಸಿನ ಹಳೆಯ ಸುಂಕ ಹಾಗೆಯೇ ಉಳಿದರೂ ಕಾನೂನುಬದ್ಧ ಚಹಾ ಅಗ್ಗವಾಯಿತು. ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದ ವರ್ತಕರಿಗೆ ಅದು ಹೊಡೆತ, ಕಂಪನಿ ಆರಿಸಿದ ಕೆಲವೇ ಏಜೆಂಟರಿಗೆ ಲಾಭ. (ಅದು ನಮ್ಮ ಅಸ್ಸಾಮಿನ ಚಹಾ ಇರಬೇಕು ಎಂದೆ. "ಚೀನಾದ್ದು ಮೇಡಂ" ಎಂದು ತಿದ್ದಿದ. ಆ ಹುಡುಗ ಮೊದಲ ಬಾರಿಗೆ ನಕ್ಕದ್ದು ಆಗ.)

'ಕ್ರಾಂತಿಯ ಕಾರಣಗಳು' ಹತ್ತು ಪುಟಕ್ಕೆ ಹಿಡಿಸುವುದಿಲ್ಲ. 'ಅಗ್ಗವಾದ ಚಹಾವನ್ನು ಬಾಸ್ಟನ್ನಿನವರು ಯಾಕೆ ಎಸೆದರು?' ಹಿಡಿಸುತ್ತದೆ. ಈ ವಾಕ್ಯವನ್ನು ಗೋಡೆಗೆ ಅಂಟಿಸು, ಇದಕ್ಕೆ ಉತ್ತರ ಕೊಡದ ಟಿಪ್ಪಣಿಯನ್ನು ಎತ್ತಿಡು ಎಂದೆ. 140 ಪುಟ 30ಕ್ಕೆ ಇಳಿಯಿತು.

ಗ್ರಂಥಪಾಲಕರನ್ನು ಕಾಣಲೂ ಹೇಳಿದೆ. ಅಲ್ಲಿ ಸಮಯ ಗೊತ್ತುಮಾಡಿಕೊಂಡು ಕುಳಿತು ಆಕರ ಹುಡುಕಿಸಿಕೊಳ್ಳಬಹುದು. ಅವರು ತೋರಿಸಿದ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ 'ಫೌಂಡರ್ಸ್ ಆನ್‌ಲೈನ್' ಜಾಲತಾಣ ಎಲ್ಲರಿಗೂ ಉಚಿತ. ಚಹಾ ಎಸೆದ ಮರುದಿನವೇ ಕ್ರಾಂತಿಯ ನಾಯಕರಲ್ಲೊಬ್ಬನಾದ ಜಾನ್ ಆಡಮ್ಸ್ ದಿನಚರಿಯಲ್ಲಿ ಅದನ್ನು ಮೆಚ್ಚಿ ಬರೆದದ್ದು ಅಲ್ಲಿದೆ. ಆಗ ಲಂಡನ್ನಿನಲ್ಲಿದ್ದ ಇನ್ನೊಬ್ಬ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಕಂಪನಿಗೆ ನಷ್ಟ ತುಂಬಿಕೊಡಿ ಎಂದು 1774ರಲ್ಲಿ ಬರೆದದ್ದೂ ಇದೆ. ಅಂದು ಚಹಾ ಎಸೆಯಲು ಹಡಗು ಹತ್ತಿದ್ದ ಜಾರ್ಜ್ ಹ್ಯೂಸ್ ಎಂಬ ಚಮ್ಮಾರನ ನೆನಪುಗಳು ಅಚ್ಚಾದದ್ದು 1834ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ. ಯಾರು ಬರೆದರು ಎನ್ನುವುದರ ಪಕ್ಕದಲ್ಲೇ ಘಟನೆಯಾಗಿ ಎಷ್ಟು ದಿನಕ್ಕೆ ಬರೆದರು ಎಂದೂ ಗುರುತು ಹಾಕು ಎಂದು ಗ್ರಂಥಪಾಲಕರು ಹೇಳಿದರಂತೆ. ಅದು ನನಗೆ ಹೊಳೆದಿರಲಿಲ್ಲ.

ಬರವಣಿಗೆಗೆ ನಾನು ಕೊಟ್ಟ ಉಪಾಯ ಸರಳ. ಪುಸ್ತಕ ಮುಚ್ಚು, ಓದಿದ್ದನ್ನು ಅಮ್ಮನಿಗೆ ಹೇಳುವಂತೆ ಕನ್ನಡದಲ್ಲಿ ಬರೆ, ಆಮೇಲೆ ಅದರಿಂದ ಇಂಗ್ಲಿಷ್ ವಾಕ್ಯ ಕಟ್ಟು. ವಾಕ್ಯ ನಿನ್ನದೇ ಆಗುತ್ತದೆ. ವಿಚಾರ ಇನ್ನೊಬ್ಬರದಾದರೆ ಅಡಿಟಿಪ್ಪಣಿ ಆಗಲೂ ಬೇಕು. ಅವರ ಪದಗಳನ್ನೇ ಎತ್ತಿಕೊಂಡರೆ ಆ ಕ್ಷಣವೇ ಉದ್ಧರಣ ಚಿಹ್ನೆ, ಪುಟಸಂಖ್ಯೆ. ಗಡುವಿನಿಂದ ಹಿಂದಕ್ಕೆ ಎಣಿಸಿ, ಕೊನೆಯ ನಾಲ್ಕು ದಿನ ತಿದ್ದುಪಡಿಗೆ ಬಿಟ್ಟು, ಹೊಸ ಪುಸ್ತಕ ತೆರೆಯಬಾರದ ದಿನವೊಂದನ್ನೂ ಗೊತ್ತುಮಾಡಿದೆವು.

ಎಲ್ಲವೂ ಫಲಿಸಲಿಲ್ಲ. ಬೆಳಗ್ಗೆ ಎದ್ದು ನಲವತ್ತು ನಿಮಿಷ ಬರೆ ಎಂದದ್ದು ಪೂರ್ತಿ ನೆಲಕಚ್ಚಿತು, ಒಂದು ವಾರ ಮೊಬೈಲ್ ನೋಡುತ್ತ ಕುಳಿತ. ತಪ್ಪು ನನ್ನದು, ರಾತ್ರಿ ಚುರುಕಾಗುವ ಹುಡುಗನಿಗೆ ನನ್ನ ಅಭ್ಯಾಸ ಹೇರಿದ್ದೆ. ಸಂಜೆ ಗ್ರಂಥಾಲಯಕ್ಕೆ ಬದಲಿಸಿದ ಮೇಲೆ ಪುಟಗಳು ತುಂಬತೊಡಗಿದವು.

ಒಂದು ವಿಷಯಕ್ಕೆ ಮಾತ್ರ ಜಗ್ಗಾಟವಾಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೆ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡವನು. ಅಜ್ಜಿಯ ಊರು ಅಲ್ಲೇ ಹತ್ತಿರ, ಅದನ್ನು ಸೇರಿಸಲೇಬೇಕು ಎಂದ. ಗೋಡೆಯ ಮೇಲಿನ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿದೆ. ಬೇಸರದಿಂದಲೇ ಅದನ್ನು ಬೇರೆ ಕಡತಕ್ಕೆ ಹಾಕಿದ.

ಗಡುವಿನ ದಿನ ಸಂಜೆ ಒಪ್ಪಿಸಿದ. ಬಿ ಪ್ಲಸ್ ಬಂತು. ಮತ್ತೆ ತಾಯಿಯ ಫೋನ್: "ಬಿ ಪ್ಲಸ್ ಎಂದರೆ ನೂರಕ್ಕೆ ಎಷ್ಟು ಮೇಡಂ?" ಅದನ್ನು ಬಿಟ್ಟು, ಚಹಾ ಯಾಕೆ ಸಮುದ್ರಕ್ಕೆ ಹೋಯಿತು ಎಂದು ಮಗನನ್ನು ಕೇಳಿ ಎಂದೆ. ಆ ಭಾನುವಾರ ಮುಕ್ಕಾಲು ಗಂಟೆ ಹೇಳಿದನಂತೆ.