ಮುದ್ದೆ ತಿಂದರೆ ಬಸುರಿಯ ಸಕ್ಕರೆ ಇಳಿಯುತ್ತದೆಯೇ?

ಪ್ರಶ್ನೆ: ನನಗೀಗ 26 ವಾರ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ ಸಕ್ಕರೆ 156 ಬಂತು. ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕೇ? ಮಗುವಿಗೆ ತೊಂದರೆಯಾಗುತ್ತದೆಯೇ?

ಉತ್ತರ: 140 ಮುಟ್ಟಿದರೇ ಅದು ಗರ್ಭಾವಸ್ಥೆಯ ಮಧುಮೇಹ. ಮಾಸಿನ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದರಿಂದ ಹೀಗಾಗುತ್ತದೆ. ನಿಮ್ಮ ತಪ್ಪೇನಿಲ್ಲ ತಾಯಿ.

ರಾಗಿಯಲ್ಲೂ ಇರುವುದು ಪಿಷ್ಟವೇ. ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಚಿಕ್ಕ ಮುದ್ದೆ, ಜೊತೆಗೆ ಗಟ್ಟಿ ಬೇಳೆ ಅಥವಾ ಕಾಳಿನ ಸಾರು, ಸೊಪ್ಪಿನ ಪಲ್ಯ ಇರಲಿ. ಮೂರು ಊಟದ ನಡುವೆ ಚೂರುಚೂರು ತಿನ್ನಿ, ಉಪವಾಸ ಖಂಡಿತ ಬೇಡ. ವೈದ್ಯರು ಬೇಡವೆನ್ನದಿದ್ದರೆ ಊಟವಾದ ಮೇಲೆ ನಡೆಯಿರಿ. ಖಾಲಿ ಹೊಟ್ಟೆಯಲ್ಲಿ 95ರೊಳಗೆ, ಊಟವಾಗಿ ಎರಡು ಗಂಟೆಗೆ 120ರೊಳಗೆ ಇರಬೇಕು. ಎರಡು ವಾರದಲ್ಲಿ ಇಳಿಯದಿದ್ದರೆ ಔಷಧಿ ಬೇಕು. ಇನ್ಸುಲಿನ್‌ಗೆ ಹೆದರಬೇಡಿ, ಅದು ಮಾಸು ದಾಟಿ ಮಗುವನ್ನು ಸೇರುವುದಿಲ್ಲ.

ಗ್ಲೂಕೋಸ್ ಮಾತ್ರ ದಾಟುತ್ತದೆ. ಅದಕ್ಕೆ ಮಗು ತಾನೇ ಹೆಚ್ಚು ಇನ್ಸುಲಿನ್ ಸುರಿಸಿ ದಪ್ಪಗಾಗುತ್ತದೆ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆ ನಿಂತರೂ ಇನ್ಸುಲಿನ್ ಉಳಿದಿರುತ್ತದೆ. ಕೂಸಿನ ಸಕ್ಕರೆ ದಿಢೀರ್ ಕುಸಿಯುವುದು ಆಗಲೇ. ಆದ್ದರಿಂದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಕೂಸಿನ ಸಕ್ಕರೆಯನ್ನೂ ಪರೀಕ್ಷಿಸಲು ಹೇಳಿ. ಬಾಣಂತನದ ಆರನೇ ವಾರ ಮತ್ತೆ 75 ಗ್ರಾಂ ಪರೀಕ್ಷೆ ಮಾಡಿಸಿ; ಬಹಳಷ್ಟು ಮಂದಿ ಮರೆಯುವುದು ಇದನ್ನೇ.