ಪೆಗ್ಮಟೈಟ್‌ನಲ್ಲಿ ತವರ ಹೇಗೆ ಸೇರುತ್ತೆ?

ಪ್ರಶ್ನೆ: ಗ್ರಾನೈಟ್‌ನಲ್ಲಿ ಕಾಣದ ತವರ ಪಕ್ಕದ ದೊಡ್ಡ ಹರಳಿನ ಶಿಲೆ ಪೆಗ್ಮಟೈಟ್‌ನಲ್ಲಿ ಸಿಗುತ್ತಲ್ಲ, ಯಾಕೆ ಸಾರ್?

ಉತ್ತರ: ತುಂಬಾ ಒಳ್ಳೆ ಪ್ರಶ್ನೆ. ಶಿಲಾರಸ ಆರ್ತಾ ಆರ್ತಾ ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಹರಳುಗಟ್ಟುತ್ತೆ, ಆದ್ರೆ ತವರಕ್ಕೆ ಆ ಹರಳುಗಳೊಳಗೆ ಜಾಗ ಸಿಗಲ್ಲ, ಹಾಗಾಗಿ ನೀರು, ಲಿಥಿಯಂ, ಬೋರಾನ್, ಫ್ಲೋರಿನ್ ಜೊತೆ ಉಳಿದ ರಸದಲ್ಲೇ ಸೇರ್ಕೊಳ್ತಾ ಹೋಗುತ್ತೆ, ಆ ಕೊನೇ ರಸ ಬಿರುಕಿಗೆ ನುಗ್ಗಿ ಗಟ್ಟಿಯಾದ್ರೆ ಅದೇ ಪೆಗ್ಮಟೈಟ್. ಎಲ್ಲಾ ಪೆಗ್ಮಟೈಟ್‌ನಲ್ಲೂ ತವರ ಇರಲ್ಲ ಮತ್ತೆ! ಆಲ್ಬೈಟ್ (ಒಂದು ಬಗೆ ಫೆಲ್ಡ್‌ಸ್ಪಾರ್), ಬಿಳಿ ಅಭ್ರಕ ಜಾಸ್ತಿ ಇರೋ ಭಾಗ ಮೊದಲು ನೋಡಿ. ಅದಿರಿನ ಹೆಸರು ಕ್ಯಾಸಿಟರೈಟ್, ಶುದ್ಧವಾಗಿದ್ರೆ ಸುಮಾರು 78% ತವರ. ಕಪ್ಪು ಟೂರ್ಮಲೀನ್ ಅನ್ನೋ ಖನಿಜ ನೋಡಿ ಇದೇ ಕ್ಯಾಸಿಟರೈಟ್ ಅಂತ ಮೋಸ ಹೋಗೋರು ಬಹಳ, ಕೈಯಲ್ಲಿ ತೂಗಿ ನೋಡಿ, ಟೂರ್ಮಲೀನ್ ನೀರಿಗಿಂತ 3 ಪಟ್ಟು ಭಾರ, ಕ್ಯಾಸಿಟರೈಟ್ ಹತ್ರಹತ್ರ 7 ಪಟ್ಟು, ಅಂಗೈಗೆ ತಕ್ಷಣ ಗೊತ್ತಾಗುತ್ತೆ.